ಮೂರು ಹೊಲಿಗೆಯ ಪುಸ್ತಕ ಬಿಚ್ಚಿಸಿದ ಬಾಯಾರು

ಇಪ್ಪತ್ತು ವರ್ಷಕ್ಕೂ ಹಿಂದೆ ನನ್ನ ಕೈಯಾರೆ ಕಟ್ಟಿದ ಪುಸ್ತಕವೊಂದನ್ನು ಬಾಯಾರು ತಿರುಗಿ ನನ್ನ ಅಂಗಡಿಗೇ ತಂದು, "ಉಸ್ತಾದ್ರ, ಇದನ್ನ ಬಿಚ್ಚಿ ಕೊಡ್ರಿ" ಎಂದಾಗ ನನಗೆ ಮೊದಲು ಬಂದದ್ದು ಸಿಟ್ಟು. ಹರಿದ ಪುಸ್ತಕ ಹೊಲಿದು ಕೊಡಿ ಎಂದು ಬರುವವರು ದಿನಾ ಬರುತ್ತಾರೆ. ಗಟ್ಟಿಮುಟ್ಟಾಗಿರುವ ಪುಸ್ತಕವನ್ನು ಕಟ್ಟಿದವನಿಂದಲೇ ಬಿಚ್ಚಿಸಲು ಬಂದವರು ಅವರೊಬ್ಬರೇ.

ಅವರು ತೀರಿಕೊಂಡು ಇವತ್ತಿಗೆ ನಲವತ್ತು ದಿನ. ನಮ್ಮ ಮುಸಲ್ಮಾನರ ಮನೆಗಳಲ್ಲಿ ನಲವತ್ತನೆಯ ದಿನ ಹೋದವರನ್ನು ನೆನೆಯುವ ರೂಢಿ ಇದೆ. ಅವರದು ಲಿಂಗಾಯತರ ಮನೆ. ಅವರ ಕಡೆಯವರು ತಮ್ಮ ಪದ್ಧತಿಯಂತೆ ಎಲ್ಲವನ್ನೂ ಆಗಲೇ ಮಾಡಿ ಮುಗಿಸಿದ್ದಾರೆ. ನಾನು ನನ್ನ ಪದ್ಧತಿಯಂತೆ ಇದನ್ನು ಬರೆಯಲು ಕುಳಿತಿದ್ದೇನೆ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಆದರೆ ಈ ಊರಿನಲ್ಲಿ ಡಾಕ್ಟರೇಟ್ ಪಡೆದ ಎಷ್ಟೋ ಮಂದಿಯ ಪ್ರಬಂಧಗಳು ನನ್ನ ಸೂಜಿಯ ಕೆಳಗೆ ಹಾದು ಹೋಗಿವೆ. ಕಾಗದ ಕಂಡರೆ ಅಂಜುವವನಲ್ಲ.

ಅವರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ವಿದ್ಯಾರ್ಥಿಗಳೆಲ್ಲ ಮೇಡಮ್ ಎನ್ನುತ್ತಿದ್ದರು. ಬೆಳಗಾವಿಯ ನಮ್ಮ ಖಾಸಬಾಗದ ಓಣಿಯಲ್ಲಿ ಮಾತ್ರ ಕಲಿಸುವ ಹೆಂಗಸು ಎಂದರೆ ಹಳೆಯ ಕಾಲದಿಂದಲೂ ಬಾಯಾರು. ನನ್ನ ಅಂಗಡಿ ಇರುವುದು ಅವರ ಮನೆಗೆ ಹೋಗುವ ದಾರಿಯಲ್ಲಿ. ಅಗಲ ಅಂಚಿನ ಹತ್ತಿ ಸೀರೆ, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಹೆಗಲಿಗೆ ಒಂದು ಬಟ್ಟೆಯ ಚೀಲ. ಆ ಚೀಲದಲ್ಲಿ ಪುಸ್ತಕಕ್ಕಿಂತ ಹೆಚ್ಚಾಗಿ ಬಾಟಲಿಗಳು ಇರುತ್ತಿದ್ದವು. ನಡೆದರೆ ಟಣ್ ಟಣ್ ಸದ್ದು. ಸದ್ದು ಕೇಳಿದರೆ ಸಾಕು, ತಲೆ ಎತ್ತದೆಯೇ ನಾನು ಸ್ಟೂಲು ಮುಂದೆ ಸರಿಸುತ್ತಿದ್ದೆ. ಆ ಬಾಟಲಿಗಳಲ್ಲಿ ಇರುತ್ತಿದ್ದುದು ಖಾನಾಪುರ ತಾಲೂಕಿನ ಬಾವಿಗಳ ನೀರು. ಒಂದೊಂದರ ಮೇಲೂ ಊರಿನ ಹೆಸರು, ಬಾವಿಯ ಗುರುತು, ತಾರೀಖು. ರಜೆ ಬಂತೆಂದರೆ ಬೆಳಗಿನ ಬಸ್ಸು ಹಿಡಿದು ನಂದಗಡದ ಕಡೆಗೋ ಅದರ ಆಚೆಯ ಕಾಡಂಚಿನ ಊರುಗಳಿಗೋ ಹೋಗಿ, ಬಾವಿಗೆ ಹಗ್ಗ ಇಳಿಬಿಟ್ಟು ನೀರು ತುಂಬಿಕೊಂಡು ಬರುತ್ತಿದ್ದರು. ಮದುವೆ ಮಾಡಿಕೊಂಡಿರಲಿಲ್ಲ. ತಮ್ಮನ ಸಂಸಾರದೊಡನೆ ಇದ್ದರು.

ಎಲ್ಲಿಗೆ ಹೋದರೂ, ಯಾರು ನೀರು ಕೊಟ್ಟರೂ ಅವರದು ಒಂದೇ ಪ್ರಶ್ನೆ: "ಕುದಿಸೇರೇನ್ರಿ?" ಮದುವೆಯ ಮನೆಯಲ್ಲೂ ಅದೇ, ಸಾವಿನ ಮನೆಯಲ್ಲೂ ಅದೇ. ಕೆಲವರಿಗೆ ಇದು ಸೊಕ್ಕಿನ ಮಾತಾಗಿ ಕೇಳುತ್ತಿತ್ತು. ಎದುರಿನ ಚಹಾದಂಗಡಿಯವನಂತೂ ಅವರು ಬರುವುದು ಕಂಡರೆ ದೂರದಿಂದಲೇ ಕೂಗುತ್ತಿದ್ದ. "ಬರ್ರಿ ಬಾಯಾರ, ಮುಂಜಾನಿಂದ ಹತ್ತು ಸಲ ಕುದ್ದೈತಿ. ಇದು ಪರೀಕ್ಷಾ ಪಾಸ್ ಆದ ಚಹಾ!"

"ಹತ್ತು ಸಲ ಕುದಸಿದ್ರ ಅದು ಚಹಾ ಅಲ್ಲಪಾ, ಕಷಾಯ" ಎನ್ನುತ್ತಿದ್ದರು ಬಾಯಾರು. ಹಾಗೆಂದು ಅದನ್ನೇ ಕುಡಿಯುತ್ತಿದ್ದರು.

ನನ್ನನ್ನು ಅವರು ಉಸ್ತಾದ್ರ ಎಂದು ಕರೆಯುತ್ತಿದ್ದರು. ಕಲಿತವರು ನನ್ನ ಅಂಗಡಿಗೆ ಬಂದರೆ "ಏ ಬೈಂಡಿಂಗ್" ಎನ್ನುತ್ತಾರೆ, ನಾನೇ ಒಂದು ಯಂತ್ರವೇನೋ ಎಂಬಂತೆ. ಬಾಯಾರು ಮೊದಲನೆಯ ದಿನವೇ ನಾನು ಹೊಲಿಯುವುದನ್ನು ಐದು ನಿಮಿಷ ನಿಂತು ನೋಡಿ, "ಉಸ್ತಾದ್ರ, ಈ ಗಂಟು ಹೆಂಗ ಹಾಕಿದ್ರಿ?" ಎಂದು ಕೇಳಿದ್ದರು. ತೋರಿಸಿದೆ. ಇನ್ನೊಮ್ಮೆ ತೋರಿಸಿ ಎಂದರು. ಮೂರನೆಯ ಸಲ ತಾವೇ ಹಾಕಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವರಿಗೆ ನಾಚಿಕೆ ಇರಲಿಲ್ಲ. ಈ ಗುಣ ನನ್ನಲ್ಲಿ ಕಡಿಮೆ. ಅದಕ್ಕೇ ಅವರಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಬೇಕು.

ಆ ಬಾವಿಗಳ ನೀರಿನ ಮೇಲೆ ಅವರು ಬರೆದ ಡಾಕ್ಟರೇಟ್ ಪ್ರಬಂಧವನ್ನು ಕಟ್ಟಿದ್ದು ನಾನೇ. ವಿಶ್ವವಿದ್ಯಾಲಯಕ್ಕೆ ಕೊಡುವ ದಿನ ಹತ್ತಿರವಿತ್ತು. ನಾಲ್ಕು ಪ್ರತಿ, ಕರಿಯ ರೆಕ್ಸಿನ್, ಬೆನ್ನಿನ ಮೇಲೆ ಬಂಗಾರದ ಅಕ್ಷರ. ಕೊನೆಯಲ್ಲಿ ಒಂದು ದೊಡ್ಡ ನಕಾಶೆ ಇತ್ತು. ಬಿಡಿಸಿದರೆ ಮೇಜಿನ ತುಂಬಾ ಹರಡುವಷ್ಟು. ಅದರಲ್ಲಿ ಬಣ್ಣಬಣ್ಣದ ಚುಕ್ಕೆಗಳನ್ನು ಅವರೇ ಕೈಯಿಂದ ತುಂಬಿದ್ದರು. ನಾನು ಅದನ್ನು ಎಂಟು ಮಡಿಕೆ ಮಾಡಿ, ಒಂದು ಕಾಗದದ ಪಟ್ಟಿಗೆ ಅಂಟಿಸಿ, ಆ ಪಟ್ಟಿಯನ್ನು ಬೆನ್ನಿಗೆ ಸೇರಿಸಿ ಹೊಲಿದೆ. ಸಾಮಾನ್ಯವಾಗಿ ಹಾಕುವುದು ಎರಡು ಹೊಲಿಗೆ. ಅವರ ಮೇಲಿನ ಗೌರವಕ್ಕೆ ಮೂರು ಹಾಕಿದೆ.

"ಒಂದು ಹಾಳಿ ಅಲಗಾಡೂದಿಲ್ರಿ ಬಾಯಾರ. ಮೊಮ್ಮಕ್ಕಳ ಕಾಲಕ್ಕೂ ಹಿಂಗ ಇರತೈತಿ" ಎಂದೆ.

"ಮೊಮ್ಮಕ್ಕಳಂತೂ ಇಲ್ಲ. ಇದಾದ್ರೂ ಇರ್ಲಿ" ಎಂದು ನಕ್ಕರು.

ಬಿಚ್ಚಿ ಕೊಡಿ ಎಂದು ಅವರು ತಂದದ್ದು ಅದೇ ನಾಲ್ಕರಲ್ಲಿ ಒಂದು ಪ್ರತಿಯನ್ನು. ಆಗ ಅವರು ನಿವೃತ್ತರಾಗಿದ್ದರು. ಮನೆಯ ಪ್ರತಿಯನ್ನು ಗೆದ್ದಲು ತಿಂದಿತ್ತು. ಪ್ರಬಂಧವನ್ನು ತುಂಬಿಟ್ಟ ಫ್ಲಾಪಿ ಹಾಗೆಯೇ ಇತ್ತು, ಅದನ್ನು ತೆರೆಯುವ ಯಂತ್ರ ಊರಲ್ಲಿ ಎಲ್ಲೂ ಉಳಿದಿರಲಿಲ್ಲ. ಕಾಲೇಜಿನವರು ಗ್ರಂಥಾಲಯದ ಹಳೆಯ ಪುಸ್ತಕಗಳನ್ನು ತೆಗೆದುಹಾಕುವಾಗ ಇದನ್ನು ಅವರ ಕೈಗೆ ಕೊಟ್ಟಿದ್ದರು.

ಪುಸ್ತಕ ಹೊಸದರಂತೆ ಇತ್ತು. ನನಗೆ ಹೆಮ್ಮೆಯಾಯಿತು. "ನೋಡ್ರಿ, ನಾ ಹೇಳಿದ್ದೆ" ಎಂದೆ.

ಬಾಯಾರು ಕೊನೆಯ ಪುಟ ತೆರೆದರು. ಯಾರು ಯಾವಾಗ ಒಯ್ದರು ಎಂದು ಬರೆಯುವ ಚೀಟಿ ಅಲ್ಲಿತ್ತು. ಅದರ ಮೇಲೆ ಒಂದು ಗೆರೆಯೂ ಇರಲಿಲ್ಲ. ಆಮೇಲೆ ನಕಾಶೆಯ ಅಂಚು ತೋರಿಸಿದರು. ನಾನು ಹಚ್ಚಿದ ಅಂಟು ಒಂದಿಷ್ಟು ಹೊರಗೆ ಒಸರಿ, ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ತಪ್ಪು ನನ್ನದು. ಒಬ್ಬರಾದರೂ ನಕಾಶೆ ಬಿಡಿಸಲು ಹೋಗಿದ್ದರೆ ಅಂದೇ ಅದು ಹರಿದು ನನ್ನ ತಪ್ಪು ಬಯಲಾಗುತ್ತಿತ್ತು.

"ನಿಮ್ಮ ಬೈಂಡಿಂಗ್ ಗಟ್ಟಿ ಉಳದದ್ದು ಯಾಕಂತ ತಿಳೀತೇನ್ರಿ ಉಸ್ತಾದ್ರ?" ಎಂದರು ಬಾಯಾರು. ದನಿಯಲ್ಲಿ ಕೊಂಕು ಇರಲಿಲ್ಲ.

ಪ್ರಬಂಧಗಳನ್ನೆಲ್ಲ ಇಡುವ ಜಾಲತಾಣವೊಂದು ಇದೆಯಂತೆ. ಅದರಲ್ಲಿ ಹಾಕಿದರೆ ಯಾವ ಊರಿನಲ್ಲಿ ಕುಳಿತವರೂ ಮೊಬೈಲಿನಲ್ಲಿ ತೆರೆದು ಓದಬಹುದಂತೆ. ಹಿಂಡಲಗಾದಲ್ಲಿ ಕಂಪ್ಯೂಟರ್ ಕಲಿಸುವ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಲ್ಲ ಮಾಡಿಕೊಡುತ್ತೇನೆ ಎಂದಿದ್ದಳು. ಸ್ಕ್ಯಾನ್ ಮಾಡಲು ಹೋದರೆ ನನ್ನ ಮೂರು ಹೊಲಿಗೆ ಬಿಡಲೊಲ್ಲದು. ಒಳ ಅಂಚಿನ ಅಕ್ಷರಗಳೆಲ್ಲ ಸಂದಿಯಲ್ಲಿ ಮುಳುಗಿ ಕರಿಯ ಪಟ್ಟಿಯಾಗಿ ಬರುತ್ತಿದ್ದವು. ಹಾಳೆಗಳು ಬಿಡಿಯಾಗಿಯೇ ಬೇಕಿತ್ತು.

"ಬ್ಯಾರೆ ಯಾರ ಕಡೆನಾದ್ರೂ ಕೊಯ್ಸಿರಿ. ನನ್ನ ಕೈಲೆ ಆಗೂದಿಲ್ಲ" ಎಂದೆ.

"ಬ್ಯಾರೆಯವ್ರು ಕೊಯ್ತಾರ. ನೀವಾದ್ರ ಬಿಚ್ಚತೀರಿ" ಎಂದು ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೋದರು.

ನಾಲ್ಕು ದಿನ ಮುಟ್ಟಲಿಲ್ಲ. ಐದನೆಯ ದಿನ ಬಾಯಾರು ಬಂದು ಸ್ಟೂಲಿನ ಮೇಲೆ ಕುಳಿತರು. ಬ್ಲೇಡು ತೆಗೆದುಕೊಂಡು ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದೆ. ದಾರ ಇನ್ನೂ ಬಿಗಿಯಾಗಿತ್ತು. ನಕಾಶೆಗೆ ಬಂದಾಗ ಒದ್ದೆ ಬಟ್ಟೆಯಿಂದ ಅಂಟು ನೆನೆಸಿ, ಮಡಿಕೆ ಬಿಡಿಸುತ್ತ ಬಿಡಿಸುತ್ತ ಅದನ್ನು ಮೇಜಿನ ಮೇಲೆ ಹರಡಿದೆ.

ನನಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಬಂಗಾರದ ಅಕ್ಷರ ಒತ್ತುವವನಿಗೆ ಇಂಗ್ಲಿಷಿನ ದೊಡ್ಡಕ್ಷರಗಳು ಬರಲೇಬೇಕು. ಊರುಗಳ ಹೆಸರೆಲ್ಲ ದೊಡ್ಡಕ್ಷರದಲ್ಲೇ ಇದ್ದವು. ಒಂದೊಂದೇ ಅಕ್ಷರ ಕೂಡಿಸುತ್ತ ಹೋದೆ. ಖಾನಾಪುರ ಸಿಕ್ಕಿತು, ನಂದಗಡ ಸಿಕ್ಕಿತು. ಅಲ್ಲಿಂದ ಬೆರಳು ಕಾಡಿನ ಕಡೆ ಸರಿಯಿತು. ನನ್ನ ಆಪಾನ ಊರು ಸಿಕ್ಕಿತು. ಆಪಾ ಎಂದರೆ ನನ್ನ ಅಕ್ಕ. ಆ ಊರಿಗೆ ಕೊಟ್ಟಿದ್ದೇವೆ. ಊರಿನ ಹೆಸರಿನ ಮುಂದೆ ಮಸೀದಿ ಬಾಜೂಕಿನ ಬಾವಿಯ ಗುರುತು, ಅದರ ಮೇಲೆ ಕೆಂಪು ಚುಕ್ಕೆ.

"ಬಾಯಾರ, ಕೆಂಪಂದ್ರ ಏನ್ರಿ?"

ಅವರು ತರಗತಿಯಲ್ಲಿ ಹೇಳುವಂತೆ ಹೇಳಿದರು. "ಆ ಕಡೆ ಕೆಂಪ ಕಲ್ಲಿನ ನೆಲ ನೋಡ್ರಿ, ತೂತು ತೂತು ಇರತೈತಿ. ಮೊದಲ ಮಳಿ ಬಿದ್ದಾಗ ಮ್ಯಾಲಿನ ಹೊಲಸೆಲ್ಲಾ ಆ ತೂತಿನಾಗ ಹಾದು ಸೀದಾ ಬಾವಿಗಿ ಇಳೀತೈತಿ. ಕೆಂಪ ಚುಕ್ಕಿ ಅಂದ್ರ ಮಿರಗದ ಮಳಿಯೊಳಗ ನೀರು ಭಾಳ ಕೆಡೂ ಬಾವಿ. ಆ ಒಂದೆರಡು ವಾರ ಕುದಿಸಿ ಕುಡದ್ರ ಸಾಕು. ಅಷ್ಟ."

ಅಷ್ಟ. ನಾನು ಬ್ಲೇಡು ಕೆಳಗಿಟ್ಟೆ.

ಆ ಪುಸ್ತಕ ಕಟ್ಟಿದ ಮೂರನೆಯ ಮಳೆಗಾಲದಲ್ಲಿ ಆಪಾನ ನಡುವಿನ ಮಗ ಕಾಮಣಿಯಾಗಿ, ಕಾಮಾಲೆ ಅನ್ನುತ್ತಾರಲ್ಲ, ತೀರಿಹೋದ. ಒಂಬತ್ತು ವರ್ಷ. ಬೇಸಿಗೆ ರಜೆಗೆ ನನ್ನ ಅಂಗಡಿಗೆ ಬಂದು, ಕತ್ತರಿಸಿ ಬಿದ್ದ ಕಾಗದದ ಪಟ್ಟಿಗಳನ್ನು ಆರಿಸಿ ಗಾಳಿಪಟಕ್ಕೆ ಬಾಲ ಮಾಡುತ್ತಿದ್ದ. ಮಳೆ ಶುರುವಾಗಿ ತಿಂಗಳಿಗೆ ಕಣ್ಣು ಹಳದಿಯಾಯಿತು, ಮೊದಲು ಗಿಡಮೂಲಿಕೆ ಕೊಟ್ಟರು, ಬೆಳಗಾವಿಗೆ ತರುವಷ್ಟರಲ್ಲಿ ತಡವಾಗಿತ್ತು. ಯಾರದೋ ದೃಷ್ಟಿ ಎಂದರು. ಹಣೆಬರಹ ಎಂದರು.

ಇಷ್ಟನ್ನು ನಾನು ಬಾಯಾರಿಗೆ ಹೇಳಿದೆ. ಹೇಳುತ್ತ ಹೇಳುತ್ತ ದನಿ ಏರಿತು. "ನಿಮ್ಮ ಪುಸ್ತಕದಾಗ ಇತ್ತಲ್ರೀ! ನನ್ನ ಕೈಯಾಗ ಇತ್ತಲ್ರೀ! ನಾನ ಮಡಚಿ ಹೊಲದೆ. ಎರಡು ಮಾತು, ಕುದಿಸಿ ಕುಡೀರಿ ಅಂತ, ಅಷ್ಟ ಹೇಳಾಕ ಇಷ್ಟು ದೊಡ್ಡ ಪುಸ್ತಕ ಯಾಕ ಬೇಕಿತ್ರಿ ನಿಮಗ? ಹೇಳಬೇಕಾದವರಿಗಿ ಯಾಕ ಹೇಳಲಿಲ್ಲ?"

ಎದುರಿನ ಚಹಾದಂಗಡಿಯವನು ಎದ್ದು ನಿಂತು ನೋಡಿದ.

ಬೇರೆ ಯಾರಾದರೂ ಆಗಿದ್ದರೆ ಅದು ನನ್ನ ಕೆಲಸವಲ್ಲ ಎನ್ನುತ್ತಿದ್ದರು. ಬಾಯಾರು ಆ ಚುಕ್ಕೆಯ ಮೇಲೆ ಬೆರಳಿಟ್ಟರು. ಆಮೇಲೆ ಹೇಳಿದರು: "ಆ ಬಾವಿ ನೀರಿಂದನ ಆತು ಅಂತ ಖಾತ್ರಿ ಹೇಳಾಕ ನನಗ ಬರೂದಿಲ್ಲ. ಅಲ್ಲ ಅಂತನೂ ಬರೂದಿಲ್ಲ. ಪರೀಕ್ಷಾ ಮಾಡಿದವರು ಇಬ್ಬರು ಓದಿದ್ರು, ಶಾಭಾಸ್ ಅಂದ್ರು. ಹೆಸರಿನ ಮುಂದ ಡಾಕ್ಟರ್ ಅಂತ ಬಂತು. ಮುಗೀತು ಅಂದ್ಕೊಂಡೆ ಉಸ್ತಾದ್ರ. ಹೇಳಬೇಕಾದವರು ಬ್ಯಾರೆ ಇದ್ರು ಅನ್ನೂದು ನನ್ನ ತಲಿಗಿ ಬರಲಿಲ್ಲ."

ನಕಾಶೆಯಿಂದ ತಲೆ ಎತ್ತಿ, "ನಿಮ್ಮ ಅಕ್ಕಾರಿಗಿ ನಾನ ಹೇಳ್ತೇನಿ. ಕರಕೊಂಡು ಹೋಗ್ತೀರೇನು?" ಎಂದರು.

ಆಪಾನಿಗೆ ನಾನು ಫೋನಿನಲ್ಲಿ ಮೊದಲೇ ಹೇಳಿದ್ದೆ. ಮುಚ್ಚಿಡಲು ಮನಸ್ಸಾಗಲಿಲ್ಲ. ಎಲ್ಲ ಕೇಳಿಸಿಕೊಂಡಳು. ಆಮೇಲೆ, "ಕರಕೊಂಡು ಬಾ ಆಕಿನ್ನ" ಎಂದು ಫೋನು ಇಟ್ಟಳು. ನಮ್ಮ ಮನೆಯ ಮಾತು ಉರ್ದು; ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಿರಗ, ಅಂದರೆ ಮೃಗಶಿರಾ ಮಳೆ, ಶುರುವಾಗಿ ಮೂರು ದಿನವಾಗಿತ್ತು. ಖಾನಾಪುರದಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ತಲುಪಿದೆವು. ಬಾಯಾರ ಹೆಗಲಲ್ಲಿ ಬಟ್ಟೆಯ ಚೀಲ ಇತ್ತು, ಬಾಟಲಿ ಇರಲಿಲ್ಲ. ಸದ್ದಿಲ್ಲದ ಚೀಲದೊಡನೆ ಅವರು ನಡೆಯುವುದನ್ನು ನಾನು ಅಂದೇ ನೋಡಿದ್ದು.

ಆಪಾ ಜಮಖಾನೆ ಹಾಸಿದಳು. "ಕುಂದರ್ರಿ ಬಾಯಾರ" ಎಂದಳು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಅವರ ಮುಂದೆ ಇಟ್ಟಳು.

ಬಾಯಾರು ತಂಬಿಗೆಗೆ ಕೈ ಹಚ್ಚಿದರು. ಮೂವತ್ತು ವರ್ಷಗಳ ರೂಢಿ, ಬಾಯಿಂದ ತಾನಾಗಿಯೇ ಬಂದುಬಿಟ್ಟಿತು: "ಕುದಿಸೇರೇನ್ರಿ?"

ಆಪಾ ಅವರ ಮುಖವನ್ನೇ ನೋಡುತ್ತ, "ಆವಾಗ ಬಂದು ಕೇಳಬೇಕಿತ್ರಿ ಈ ಮಾತು" ಎಂದಳು.

ನನ್ನ ಆಪಾ ಜಗಳಗಂಟಿಯಲ್ಲ. ದನಿ ಎತ್ತಿದವಳಲ್ಲ. ಆ ಮಾತನ್ನೂ ಮೆಲ್ಲಗೇ ಹೇಳಿದಳು. ಬಾಯಾರು ತಂಬಿಗೆಯಿಂದ ಕೈ ತೆಗೆಯಲಿಲ್ಲ, ತಲೆ ಮಾತ್ರ ತಗ್ಗಿಸಿದರು. "ಹೌದ್ರಿ. ಆವಾಗ ಬಂದಿದ್ದೆ ಕೂಡ. ನೀರು ತುಂಬಕೊಂಡು ಹೋದೆ. ತಿರುಗಿ ಬರಲಿಲ್ಲ."

ಹಂಚಿನ ಮೇಲೆ ಮಳೆ ಬೀಳುತ್ತಲೇ ಇತ್ತು. ಕೊನೆಗೆ ಆಪಾ ಎದ್ದು ಬಂದು ತಂಬಿಗೆ ಎತ್ತಿಕೊಂಡು ಹೋದಳು. ಒಳಗೆ ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದು ಕೇಳಿತು.

ಅಂದಿನಿಂದ ಬಾಯಾರು ಬೇರೆಯೇ ಆದರು. ಪ್ರಬಂಧ ಜಾಲತಾಣಕ್ಕೆ ಹೋಯಿತು. ಒಂದು ದಿನ ಮೊಬೈಲಿನಲ್ಲಿ ತೆರೆದು ನನಗೆ ತೋರಿಸಿದರು. ಅದೇ ಇಂಗ್ಲಿಷು, ಅದೇ ಹಾಳೆಗಳು. ನೋಡಿ ಮುಗಿಸಿ, "ಇದೂ ಒಂದು ಕಪಾಟನ ಉಸ್ತಾದ್ರ. ಮೊದಲಿಂದು ಕಟಗೀದು, ಇದು ಗಾಜಿಂದು. ಕಾಣತೈತಿ, ತಿಳಿಯೂದಿಲ್ಲ" ಎಂದರು.

ಆಮೇಲೆ ಕನ್ನಡದಲ್ಲಿ ಬರೆಯಲು ಕುಳಿತರು. ಬರೆದದ್ದನ್ನು ಸಂಜೆ ನನ್ನ ಅಂಗಡಿಗೆ ತಂದು ಓದುತ್ತಿದ್ದರು. ನಾನು ಹೊಲಿಯುತ್ತ ಕೇಳಬೇಕು. ಅವರ ಕಣ್ಣು ಕಾಗದದ ಮೇಲೆ ಅರ್ಧ, ನನ್ನ ಕೈಯ ಮೇಲೆ ಅರ್ಧ. ನನ್ನ ಸೂಜಿ ನಿಂತಿತೆಂದರೆ ಆ ಸಾಲಿನ ಕೆಳಗೆ ಗೆರೆ ಎಳೆಯುತ್ತಿದ್ದರು.

"ಯಾಕ ನಿಂತ್ರಿ?"

"ಸೂಕ್ಷ್ಮಾಣು ಅಂದ್ರಿ."

"ಹುಳ ಅನ್ಲೇನು?"

"ಹುಳ ಅಂದ್ರ ಮಂದಿ ಬಾವಿಯಾಗ ಇಣಿಕಿ ನೋಡ್ತಾರ. ಕಾಣಲಿಲ್ಲ ಅಂದ್ರ ನೀವು ಸುಳ್ಳು ಹೇಳಿದ್ರಿ ಅಂತಾರ."

ಅವರು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಯೋಚಿಸಿ, "ಕಣ್ಣಿಗಿ ಕಾಣದ ಹೊಲಸು" ಎಂದು ಬರೆದುಕೊಂಡರು. ನನ್ನ ಸೂಜಿ ಮುಂದೆ ಹೋಯಿತು. ಹೀಗೆ ಇಡೀ ಪ್ರಬಂಧ ಕರಗಿ ಕರಗಿ ಅರ್ಧ ಹಾಳೆಗೆ ಬಂತು. ಶಾಲೆ ಬಿಟ್ಟದ್ದಕ್ಕೆ ನಾನು ಒಳಗೊಳಗೆ ಎಷ್ಟೋ ಸಲ ನಾಚಿದ್ದೇನೆ. ಆ ಒಂದು ತಿಂಗಳು, ಡಾಕ್ಟರೇಟ್ ಆದವರು ನನ್ನ ಮುಂದೆ ಕುಳಿತು ಸಾಲು ಒಪ್ಪಿಸುವಾಗ ಮಾತ್ರ ನಾಚಲಿಲ್ಲ.

ಓದಲು ಬಾರದವರಿಗೆ ಏನು ಮಾಡುವುದು? ಹಿಂಡಲಗಾದ ಆ ವಿದ್ಯಾರ್ಥಿನಿ ನಕಾಶೆಯನ್ನೇ ಮೊಬೈಲಿಗೆ ತಂದಳು. ಊರಿನ ಚುಕ್ಕೆಯನ್ನು ಮುಟ್ಟಿದರೆ ಮಾತು ಕೇಳಬೇಕು. ಕನ್ನಡ, ಮರಾಠಿ, ಉರ್ದು ಮೂರರಲ್ಲೂ. ದನಿ ನನ್ನದು. ಬಾಯಾರು ಹೇಳಿದರೆ ಪಾಠದಂತೆ ಕೇಳುತ್ತದೆ ಎಂದು ಅವರೇ ನಿರ್ಧರಿಸಿದ್ದರು. ನನಗಂತೂ ಮೈಯೆಲ್ಲ ಉಬ್ಬಿತು. ಗಂಟಲು ಸರಿಮಾಡಿಕೊಂಡು, "ನಿಮ್ಮ ಊರ ಈ ಬಾವಿ ಕೆಟ್ಟೈತಿ, ಮೊದಲ ಮಳಿಗೆ ಇದರ ನೀರು ಹಂಗ ಕುಡೀಬ್ಯಾಡ್ರಿ" ಎಂದು ಶುರುಮಾಡಿ ಹೇಳಿದೆ. ಊರೂರಿನ ಮೊಬೈಲ್ ಗ್ರೂಪುಗಳಿಗೆ ಹೋಯಿತು.

ಎರಡೇ ದಿನದಲ್ಲಿ ಫೋನುಗಳು ಶುರುವಾದವು. ಒಬ್ಬ ಹಿರಿಯರು ಬಾಯಾರಿಗೇ ಫೋನು ಮಾಡಿ ಮರಾಠಿಯಲ್ಲಿ ಸಿಡಿದರು. ನಮ್ಮ ಬಾವಿಗೆ ಕೆಟ್ಟದ್ದು ಎನ್ನಲು ನೀವು ಯಾರು? ನಮ್ಮ ಅಜ್ಜ ಮುತ್ತಜ್ಜ ಕುಡಿದ ನೀರು. ಬಾಣಂತಿಯರು ಮೊದಲು ಮನೆಯಿಂದ ಹೊರಬಂದು ಪೂಜೆ ಮಾಡುವುದು ಆ ಬಾವಿಗೆ. ಇನ್ನು ನಮ್ಮ ಊರಿಗೆ ಹೆಣ್ಣು ಕೊಡುವವರು ಯಾರು? ಒಂದು ಊರಿನವರಂತೂ ಅದು ಬಂದ ಗ್ರೂಪಿನಿಂದ ಹಾಕಿದವನನ್ನೇ ತೆಗೆದುಹಾಕಿದರು.

ಬಾಯಾರಿಗೆ ಇದು ಅರ್ಥವೇ ಆಗಲಿಲ್ಲ. "ಖರೇನ ಹೇಳಿದ್ವಿ. ಯಾಕ ಸಿಟ್ಟಾಗ್ತಾರ?" ಎಂದು ಕೇಳುತ್ತಿದ್ದರು. ನಾನಾದರೂ ಅರ್ಥ ಮಾಡಿಕೊಳ್ಳಬೇಕಿತ್ತು. ನನ್ನ ಹೊಲಿಗೆ ಕೆಟ್ಟದ್ದು ಎಂದರೆ ನಾನು ಆ ಗಿರಾಕಿಯನ್ನು ಅಂಗಡಿ ಹತ್ತಗೊಡುತ್ತಿರಲಿಲ್ಲ.

ಆಪಾ ಅಂಗಡಿಗೆ ಬಂದಾಗ ಬಾಯಾರೂ ಅಲ್ಲೇ ಇದ್ದರು; ನನ್ನ ದನಿಯನ್ನು ಅವಳಿಗೂ ಕೇಳಿಸಿದೆ. ಅವಳು ಪೂರ್ತಿ ಕೇಳಲಿಲ್ಲ.

"ಹಿಂಗ ಬೈದ್ರ ಯಾರ ಕೇಳ್ತಾರೋ?" ಎಂದಳು. ಆಮೇಲೆ ಬಾಯಾರ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು: "ಬಾವಿ ಕೆಟ್ಟೈತಿ ಅನಬ್ಯಾಡ್ರಿ ಬಾಯಾರ. ಮಿರಗದಾಗ ಅದಕ್ಕ ಹೊಸ ನೀರು ಬಂದಿರತೈತಿ. ಬಾವಿ ಬಾಣಂತಿ ಆಗೇತಿ ಅನ್ರಿ. ಬಾಣಂತಿ ಮನ್ಯಾಗ ನಾವು ಕುದಿಸಿದ ನೀರನ ಅಲ್ಲೇನ್ರಿ ಕುಡಸೂದು? ಅಕೀಗೆ ಸ್ವಲ್ಪ ದಿನ ಬಿಡಬೇಕು, ಮನಿಮಂದಿ ನೀರು ಕುದಿಸಬೇಕು. ಇಷ್ಟ ಹೇಳ್ರಿ. ಹೆಂಗಸರಿಗಿ ತಿಳೀತೈತಿ. ಒಲಿ ಮುಂದ ಇರೋರು ಅವರು."

ಬಾಯಾರು ಅವಳನ್ನೇ ನೋಡಿದರು. ಪೆನ್ನಿನ ಮುಚ್ಚಳ ಬಾಯಲ್ಲಿ. ನಾನು ಕಂಡಂತೆ ಅವರು ಯಾವ ಮಾತನ್ನೂ ಸುಮ್ಮನೆ ಒಪ್ಪಿದವರಲ್ಲ. ಮನಸ್ಸಿನಲ್ಲೇ ತೂಗಿ ನೋಡಿರಬೇಕು. "ತಪ್ಪೇನಿಲ್ಲ" ಎಂದರು. "ಒಂದು ತಪ್ಪೂ ಇಲ್ಲ. ಅಕ್ಕಾರ, ಇದನ್ನ ನೀವ ಹೇಳ್ರಿ. ನಿಮ್ಮ ದನಿಯೊಳಗ."

ನನ್ನ ದನಿ ಹೋಯಿತು, ಆಪಾನ ದನಿ ಬಂತು. ನನಗೆ ಸ್ವಲ್ಪ ಚುರುಕ್ಕೆಂದಿದ್ದು ನಿಜ. ಬರೆಯುವಾಗ ಸುಳ್ಳು ಬೇಡ. ಆಪಾನ ಮರಾಠಿ ಊರಿನ ಮರಾಠಿ, ಕನ್ನಡ ಸಂತೆಯ ಕನ್ನಡ, ಉರ್ದು ಮನೆಯದು. ಮೂರರಲ್ಲೂ ಬಾಣಂತಿಯ ಮಾತನ್ನು ಬದಲಿಸುವ ಅಗತ್ಯವೇ ಬೀಳಲಿಲ್ಲ. ಕೊನೆಯಲ್ಲಿ ಅವಳು ಯಾರೂ ಹೇಳಿಕೊಡದ ಒಂದು ಮಾತು ಸೇರಿಸಿದಳು: "ನನ್ನ ಮಗ ಹೋದ. ಆವಾಗ ನನಗ ಯಾರೂ ಹೇಳಿದ್ದಿಲ್ಲ. ಈಗ ನಾ ನಿಮಗ ಹೇಳಾಕತ್ತೇನಿ." ಬಾಯಾರು ಅದನ್ನು ತೆಗೆಯಲಿಲ್ಲ. ಅದರಲ್ಲಿ ತಮ್ಮ ಮೇಲಿನ ಮಾತೂ ಇದೆ ಎಂದು ಅವರಿಗೆ ಗೊತ್ತಿತ್ತು.

ಅದು ಹಬ್ಬಿತು. ಎಲ್ಲಿಂದ ಎಲ್ಲಿಗೆ ಎಂದು ಹೇಳಲಾರೆ. ಒಮ್ಮೆ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸಿನ ಮೊಬೈಲಿನಿಂದ ಆಪಾನ ದನಿ ಕೇಳಿಬಂತು. ನನಗೆ ಗುರುತಿಲ್ಲದ ಹೆಂಗಸು. ಬೈದು ಫೋನು ಮಾಡಿದ್ದ ಆ ಹಿರಿಯರು ಆಪಾನ ದನಿಯನ್ನು ತಮ್ಮ ಊರಿನ ಹಾಲಿನ ಡೇರಿಯಲ್ಲಿ ಮೈಕಿಗೆ ಹಚ್ಚಿದರು ಎಂದು ಸುದ್ದಿ ಬಂತು. ಹಾಗೆಂದು ಎಲ್ಲರೂ ಕುದಿಸತೊಡಗಿದರು ಎಂದು ನಾನು ಹೇಳುವುದಿಲ್ಲ. ಬಾಯಾರು ಹಾಗೆ ಹೇಳಗೊಡುತ್ತಿರಲಿಲ್ಲ. "ಕೇಳ್ಯಾರ ಅನ್ರಿ. ಕುದಿಸ್ಯಾರ ಅಂತ ನೋಡಿಕೊಂಡು ಬಂದ ಮ್ಯಾಲ ಅನ್ರಿ" ಎನ್ನುತ್ತಿದ್ದರು. ನೋಡಿಕೊಂಡು ಬರಲು ಮತ್ತೆ ಬೆಳಗಿನ ಬಸ್ಸು ಹಿಡಿಯತೊಡಗಿದರು, ಮಂಡಿನೋವು ಇಟ್ಟುಕೊಂಡು. ಚೀಲ ಮತ್ತೆ ಟಣ್ ಟಣ್ ಎನ್ನತೊಡಗಿತು. ಈ ಸಲ ಹೋದ ಊರಿಗೆ ಎರಡನೆಯ ಸಲವೂ ಹೋಗುತ್ತಿದ್ದರು.

ಹಬ್ಬಿದ್ದಕ್ಕೆ ಬಾಲಗಳೂ ಹತ್ತಿದವು. ಯಾರೋ ಅದರ ಕೆಳಗೆ ಬರೆದರು: ಅರಿಶಿನ ಹಾಕಿದರೆ ಕುದಿಸುವುದು ಬೇಡ, ಡಾಕ್ಟರ್ ಬಾಯಾರು ಹೇಳಿದ್ದಾರೆ. ಬಾಯಾರು ಅದನ್ನು ನೋಡಿದ ದಿನ ಊಟ ಮಾಡಲಿಲ್ಲವಂತೆ. ನನ್ನ ಸ್ಟೂಲಿನ ಮೇಲೆ ಕುಳಿತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ, ಅದನ್ನು ಕಳಿಸಿದ ಒಬ್ಬೊಬ್ಬರಿಗೂ ಬರೆದರು: ಇದು ನಾನು ಹೇಳಿದ ಮಾತಲ್ಲ, ದಯವಿಟ್ಟು ಕುದಿಸಿರಿ.

"ಬಿಡ್ರಿ ಬಾಯಾರ, ಎಷ್ಟ ಮಂದಿಗಂತ ಬರೀತೀರಿ?" ಎಂದೆ.

"ಸಿಕ್ಕಷ್ಟು ಮಂದಿಗಿ" ಎಂದರು, ತಲೆ ಎತ್ತದೆ.

ಬಿಚ್ಚಿದ ಹಾಳೆಗಳು ನನ್ನ ಅಂಗಡಿಯಲ್ಲೇ ಉಳಿದಿದ್ದವು. ಕಳೆದ ಚಳಿಗಾಲದಲ್ಲಿ ಬಾಯಾರು ಹಾಸಿಗೆ ಹಿಡಿದಾಗ ಅವರ ತಮ್ಮ ಬಂದು, ನೆನಪಿಗೆ ಮನೆಯಲ್ಲಿ ಇರಲಿ, ಕಟ್ಟಿ ಕೊಡಿ ಎಂದರು. ಕಟ್ಟಿದೆ. ಈ ಸಲ ಮೂರು ಹೊಲಿಗೆ ಹಾಕಲಿಲ್ಲ. ಮೇಜಿನ ಮೇಲೆ ಇಟ್ಟರೆ ತಾನೇ ಅಗಲವಾಗಿ ತೆರೆದು ಮಲಗುವ ಹಾಗೆ, ಹಾಳೆಗಳನ್ನು ಕಂತೆ ಕಂತೆಯಾಗಿ ಸಡಿಲ ಬೆನ್ನಿಗೆ ಹೊಲಿದೆ. ಕೊನೆಯಲ್ಲಿ ನಕಾಶೆಯ ಪಟ್ಟಿಯನ್ನು ಬರಿದಾಗಿಯೇ ಬಿಟ್ಟೆ. ನಕಾಶೆ ಆಪಾನ ಊರಿನ ಶಾಲೆಯ ಗೋಡೆಯ ಮೇಲಿದೆ. ಅದನ್ನು ತಿರುಗಿ ಮಡಚಲು ಬಾಯಾರು ಒಪ್ಪಲಿಲ್ಲ. ಈಗೀಗ ಪ್ರಬಂಧ ಕಟ್ಟಿಸಲು ಬರುವವರಿಗೆಲ್ಲ ನಾನು ಕೇಳುತ್ತೇನೆ, "ಇದರಾಗ ಏನ ಸಿಕ್ಕೇತಿ ನಿಮಗ? ನಾ ಒಂದು ಹೊಲಿಗಿ ಹಾಕೂತನಕ ಹೇಳ್ರಿ." ಕೆಲವರು ಹೇಳುತ್ತಾರೆ. ಕೆಲವರು ಇವನಿಗೇಕೆ ಎನ್ನುವಂತೆ ನೋಡುತ್ತಾರೆ. ನೋಡಲಿ.

ಈ ವರ್ಷ ಮಿರಗ ಸರಿಯಾದ ಹೊತ್ತಿಗೇ ಬಂತು. ಬಾಯಾರಿಗೆ ಆಗ ಮಾತು ಬಹಳ ಕಡಿಮೆಯಾಗಿತ್ತು. ಮಳೆ ಬಿದ್ದ ಎರಡನೆಯ ದಿನ ಆಪಾ ಬೆಳಗಿನ ಬಸ್ಸಿಗೆ ಬಂದು ನನ್ನ ಅಂಗಡಿಯ ಮುಂದೆ ನಿಂತಳು. ಕೈಯಲ್ಲಿ ಬಟ್ಟೆ ಸುತ್ತಿದ ಸ್ಟೀಲಿನ ಕ್ಯಾನು. "ಬಾಯಾರ ಮನಿಗಿ ನಡಿ" ಎಂದಳು. ಕ್ಯಾನಿನಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ.

ಬಾಯಾರು ಕಣ್ಣು ಮುಚ್ಚಿ ಮಲಗಿದ್ದರು. ತುಟಿ ಒಣಗಿತ್ತು. ಆಪಾ ಬದಿಗೆ ಕುಳಿತು, "ನಾನ್ರೀ ಬಾಯಾರ. ನಮ್ಮ ಬಾವಿ ನೀರು ತಂದೇನಿ" ಎಂದಳು. ತಮ್ಮನ ಹೆಂಡತಿ ಗಾಬರಿಯಾಗಿ, "ಈ ಮಳಿಯಾಗ ಬಾವಿ ನೀರೇನ್ರಿ?" ಎಂದು ಮುಂದೆ ಬಂದರು. ನಾನು ಕೈ ಸನ್ನೆ ಮಾಡಿ ತಡೆದೆ.

ಆಪಾ ಬಟ್ಟೆ ಬಿಚ್ಚಿ ಮುಚ್ಚಳ ತೆಗೆದಳು. ಬೆಳಗಿನ ಜಾವದ ಬಿಸಿ ಇನ್ನೂ ಸ್ವಲ್ಪ ಉಳಿದಿತ್ತು. ಚಮಚದಿಂದ ಬಾಯಿಗೆ ಹಿಡಿದಳು. ಬಾಯಾರು ಕಣ್ಣು ತೆರೆದು ಅವಳನ್ನು ನೋಡಿದರು, ಚಮಚವನ್ನು ನೋಡಿದರು. ನಾನು ಆ ಪ್ರಶ್ನೆಗೆ ಕಾದೆ. ಮೂವತ್ತು ವರ್ಷ ಎಲ್ಲರನ್ನೂ ಕೇಳಿದ ಪ್ರಶ್ನೆ. ತುಟಿ ಅಲುಗಿದರೆ ಸಾಕು, ನನಗೆ ತಿಳಿಯುತ್ತಿತ್ತು.

ಕೇಳಲಿಲ್ಲ. ಬಾಯಿ ತೆರೆದರು. ಎರಡು ಚಮಚ ಕುಡಿದರು, ಮೂರನೆಯದಕ್ಕೂ ತೆರೆದರು.